ಮಚ್ಚೆಗೊಂದು ಕುದುರೆ ಕೂದಲು

ಸ್ವಂತ ಬೆನ್ನಿನಷ್ಟು ಅಪರಿಚಿತ ವಸ್ತು ಮನುಷ್ಯನಿಗೆ ಇನ್ನೊಂದಿಲ್ಲ. ಜೀವನವಿಡೀ ಜೊತೆಗಿದ್ದರೂ ಅದರ ಸಮಾಚಾರ ತಿಳಿಯಲು ಹೆಂಡತಿಯೇ ಬೇಕು. ಪುಣೆಯ ಬೀದಿಗಳಲ್ಲಿ ಇನ್ನೂ ಟಾಂಗಾ ಓಡುತ್ತಿದ್ದ ಕಾಲದಲ್ಲಿ, ಒಂದು ಶನಿವಾರ ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದ ನನ್ನಾಕೆ ಸುಮಾ, "ಏನ್ರಿ, ಈ ಮಚ್ಚಿ ದೊಡ್ಡದಾಗೇದ" ಎಂದಳು. ಅಲ್ಲೇ ಪೇಪರ್ ಓದುತ್ತಿದ್ದ ಅವಳ ತಮ್ಮ ವಸಂತ ಎದ್ದು ಬಂದು ನೋಡಿದ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಸೂಜಿ ಚುಚ್ಚುವುದು ಅವನ ಉದ್ಯೋಗ. ನನ್ನನ್ನೂ ಅದೇ ದೃಷ್ಟಿಯಿಂದ ನೋಡುತ್ತಾನೆ. "ಡಾಕ್ಟರಿಗೆ ತೋರಸ್ರಿ ಭಾವಾ. ಚರ್ಮದ ಕ್ಯಾನ್ಸರ್ ಹಿಂಗೂ ಸುರು ಆಗ್ತದ" ಎಂದ.

ನಾನು ಎಣ್ಣೆಮೈಯಲ್ಲೇ ಎದ್ದು ಕೂತೆ. ಧೈರ್ಯ ಹೇಳಲು ಹೋಗಿ ಅವನು ವಿಜ್ಞಾನ ಹೇಳಿದ. "ಕ್ಯಾನ್ಸರ್ ಗಂಟು ಬೆಳೀಲಿಕ್ಕೆ ರಕ್ತ ಬೇಕಲ್ರಿ? ಪಕ್ಕದ ರಕ್ತನಾಳದಿಂದ ಹೊಸ ಕವಲು ತನ್ನ ಕಡೆ ಎಳಕೋತದ. ಆ ಕವಲು ತಡಿಯೋ ಔಷಧ ಸಿಕ್ರ ಗಂಟು ಬೆಳೆಯೋದು ನಿಧಾನ ಆಗ್ತದ. ಇನ್ನೂ ಇಲಿ ಮ್ಯಾಲ ನೋಡ್ಲಿಕ್ಕತ್ತೇವಿ." ಅಂದರೆ, ಹಲವು ಸಂಸಾರಗಳಿದ್ದ ನಮ್ಮ ವಾಡೆಯ ಕೆಳಮನೆಯವರು ನಮ್ಮ ನಳಕ್ಕೆ ಪೈಪು ಜೋಡಿಸಿಕೊಂಡ ಹಾಗೆ. ಪೈಪು ಕಿತ್ತರಾಯಿತು!

"ಇದಕ್ಕ ಇಲಿ ಯಾಕ ಬೇಕು?" ಎಂದಿತು ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ದನಿ. ನಮ್ಮೊಂದಿಗೇ ಇದ್ದ ನನ್ನ ಅತ್ತೆ, ಧಾರವಾಡದವರು. ಅಳಿಯನ ಎದುರು ನಿಲ್ಲುವವರಲ್ಲ, ಬರಿಮೈ ಅಳಿಯನ ಎದುರಂತೂ ಇಲ್ಲವೇ ಇಲ್ಲ. "ಕುದರಿ ಬಾಲದ ಕೂದಲಾ ಬಿಗದು ಕಟ್ಟಿದ್ರ ರಕ್ತ ನಿಂತು ತಾನಽ ಉದರ್ತದ. ನರೂಲಿಗೆ ನಾವು ಅದನ್ನಽ ಮಾಡ್ತೀವಿ." ಆಹಾ! ಅತ್ತೆ ವಿಜ್ಞಾನಕ್ಕಿಂತ ಮುಂದಿದ್ದಾರೆ. ಮುಖ್ಯವಾಗಿ, ಅವರ ಚಿಕಿತ್ಸೆಯಲ್ಲಿ ಡಾಕ್ಟರಿಲ್ಲ. ವಸಂತ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಂತೆ ನಾನು ಟಾಂಗಾ ಸ್ಟ್ಯಾಂಡಿಗೆ ಓಡಿದೆ. "ಕಾಯ್ ಸಾಹೇಬ, ಶೇಪೂಟ ಕಶಾಲಾ?" ಬಾಲ ಯಾಕೆ ಬೇಕೆಂದು, ಅದನ್ನು ಹಿಡಿದ ನನ್ನನ್ನು ಟಾಂಗಾವಾಲಾ ಮರಾಠಿಯಲ್ಲಿ ಕೇಳುವಷ್ಟರಲ್ಲಿ ಕುದುರೆಯೇ ನನ್ನ ಮೊಣಕಾಲಿಗೆ ಒದ್ದು ಮಾತು ಮುಗಿಸಿತ್ತು.

ಕುಂಟುತ್ತ ಬಂದೆ, ಕೂದಲು ಸಮೇತ. ಸುಮಾ ಕಟ್ಟಲು ಕೂತಳು. ನರೂಲಿಯಾದರೆ ಚರ್ಮದಿಂದ ಎದ್ದು ನಿಂತಿರುತ್ತದೆ. ನನ್ನ ಮಚ್ಚೆಯೋ, ಮಸಿ ಚೆಲ್ಲಿದಂತೆ ಚಪ್ಪಟೆ, ಕಟ್ಟುವುದು ಯಾವುದಕ್ಕೆ? ಬಾಗಿಲ ಹಿಂದಿನಿಂದ "ಬಿಗಿಯಾಗಿ ಕಟ್ಟು" ಎಂದು ಅಪ್ಪಣೆ. ಸುಮಾ ಚರ್ಮವನ್ನೇ ಚಿವುಟಿ ಎತ್ತಿದಾಗ ನಾನು ಕಿರುಚಿದೆ. ಅತ್ತೆ ಸೆರಗು, ಸಂಕೋಚ ಎಲ್ಲ ಮರೆತು ಓಡಿಬಂದು ಬೆನ್ನು ನೋಡಿದರು. "ಅಯ್ಯ, ಇದು ನರೂಲಿ ಅಲ್ಲ" ಎಂದರು. "ನೋಡದಽ ಹೇಳಿಬಿಟ್ಟೆ. ಏಳ್ರಿ, ಅಂಗಿ ಹಾಕ್ಕೋರಿ. ಈಗಿಂದೀಗ ಆಸ್ಪತ್ರಿಗೆ ಹೋಗೂಣು, ನಾನೂ ಬರ್ತೀನಿ." ನನಗೆ ನಿಜವಾಗಿ ಭಯವಾದದ್ದು ಆಗ.

ಡಾಕ್ಟರು ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ ಎಂದು ಉತ್ತರ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಹೆದರಿಕೆಯಾದರೆ ನನಗೆ ಹಸಿವು ಹೆಚ್ಚು. ಅಂದಿನಿಂದ ಅತ್ತೆಗೆ ನನ್ನ ಮುಂದೆ ಸಂಕೋಚವೇ ಉಳಿಯಲಿಲ್ಲ. ಪ್ರತಿ ಶನಿವಾರ "ತಿರುಗ್ರಿ" ಎಂದು ಬೆನ್ನಿನ ತಪಾಸಣೆ. ಆ ವರ್ಷದ ಯುಗಾದಿಯ ದಿನ ಊಟಕ್ಕೆ ಕೂತಾಗ ನನ್ನನ್ನು ಹಿಂದಿನಿಂದಲೂ ಮುಂದಿನಿಂದಲೂ ನೋಡಿದರು. "ಬೆನ್ನು ನೆಟ್ಟಗದ, ಅಳಿಯಂದ್ರ. ಬೆಳೀಲಿಕ್ಕತ್ತಿದ್ದು ಹೊಟ್ಟಿ. ಅದಕ್ಕ ಎಲ್ಲಿಂದ ಸರಬರಾಜು ಆಗ್ತದ ಅಂತ ನನಗ ಗೊತ್ತದ" ಎಂದು ನನ್ನ ತಟ್ಟೆಯ ಎರಡನೆಯ ಹೋಳಿಗೆಯನ್ನು ಎತ್ತಿ ವಸಂತನ ತಟ್ಟೆಗೆ ಹಾಕಿದರು.