ಒಸ್ವಾಲ್ಡರ ಒಲೆಯೂ ಮಳೆಗಾಲದ ರಜೆಯೂ

ಬೆಕ್ಕು ಆ ದಿನ ಒಸ್ವಾಲ್ಡರ ಹೊಟ್ಟೆಯ ಮೇಲೆ ಬಂದು ಮಲಗದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ಬೆಳಗಿನ ಗಂಜಿ ಮುಗಿಸಿ, ಜಗಲಿಯ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಅವರು ದಿನದ ಮೊದಲನೆಯ ನಿದ್ರೆಗೆ ಇಳಿಯುತ್ತಿದ್ದರು. ಹಿಂದಿನ ಶೆಡ್ಡಿನಿಂದ ಬಂದ ಬೆಕ್ಕು ಮೇಲೆ ಹತ್ತಿ, ಒಂದು ಸುತ್ತು ತಿರುಗಿ, ಬಿಳಿ ಬನಿಯನಿನ ತುಂಬ ಕೆಂಗಂದು ಹೆಜ್ಜೆಗಳನ್ನು ಒತ್ತಿತು. ಒಸ್ವಾಲ್ಡರು ಬನಿಯನು ಎತ್ತಿ ಮೂಸಿದರು. ಕಬ್ಬಿಣದ ವಾಸನೆ. ಶೆಡ್ಡಿನಲ್ಲಿ ಕಬ್ಬಿಣದ್ದೆಂದು ಇದ್ದದ್ದು ಒಂದೇ ವಸ್ತು, ಹೆಂಡತಿ ತೆರೆಜಾಳ ಪೆಲೆಟ್ ಒಲೆ. ನಿದ್ರೆ ಅಲ್ಲಿಗೆ ಮುಗಿಯಿತು.

ತೆರೆಜಾ ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುವವಳು. ಕುಂಬಳೆಯಿಂದ ಮಂಜೇಶ್ವರದವರೆಗೆ ಅವಳ ಹಂದಿಮಾಂಸ, ಉಬ್ಬಿದ ಸಾನ್ನಾ ಇಡ್ಲಿ ಎಂದರೆ ಸಾಕು, ನೆಂಟರು ಬೇಗ ಬರುತ್ತಾರೆ. ಮರದ ಹುಡಿಯನ್ನು ಒತ್ತಿ ಮಾಡಿದ ಬೆರಳುದಪ್ಪದ ಪೆಲೆಟ್ ಗುಳಿಗೆಗಳನ್ನು ಒಲೆಯ ತಲೆಯ ಮೇಲಿನ ಪೆಟ್ಟಿಗೆಗೆ ಸುರಿದು, ಕೆಳಗಿನ ಫ್ಯಾನು ಹಾಕಿದರೆ ಹೊಗೆಯಿಲ್ಲದೆ ಭುಸುಭುಸು ಉರಿಯುತ್ತದೆ. ಉರಿಸುವುದು, ಗುಳಿಗೆ ತುಂಬುವುದು, ಬೂದಿ ತೆಗೆಯುವುದು ಒಸ್ವಾಲ್ಡರ ಪಾಲು. ಮದುವೆಯ ಕಾಲದಲ್ಲಿ ಅವರು ಹುಬ್ಬು ಸುಟ್ಟುಕೊಂಡೇ ತಿರುಗುತ್ತಾರೆ. ಮಳೆ ಹಿಡಿಯಿತೆಂದರೆ ಮದುವೆಗಳಿಲ್ಲ. ಮಳೆಗಾಲ ಅವರದು. ನಿದ್ರೆ, ಲೋಕಯ್ಯನ ಅಂಗಡಿಯ ಕೇರಮ್, ಮತ್ತೆ ನಿದ್ರೆ.

ಆ ರಜೆಗೆ ತೆರೆಜಾ ಒಂದೇ ಷರತ್ತು ಹಾಕಿದ್ದಳು. "ಪೆಟ್ಟಿಗೆಯ ಗುಳಿಗೆ ಖಾಲಿ ಮಾಡಿ, ಬೂದಿ ಕೆರೆದು, ಎಣ್ಣೆ ಕೈಯಲ್ಲಿ ಒರೆಸಿ ಇಡಿ. ಗಾಳಿ ಆಡುವ ಹಾಗೆ ಹಳೆ ಸೀರೆ ಮುಚ್ಚಿ. ವಾರಕ್ಕೊಮ್ಮೆ ಸ್ವಲ್ಪ ಉರಿಸಿ. ತುಕ್ಕು ಹಿಡಿದದ್ದು ಕಂಡ್ರೆ ಇನ್ನು ನಿಮಗೆ ಮಳೆಗಾಲದ ರಜೆ ಇಲ್ಲ. ನನ್ನ ಅಣ್ಣನ ಐಸ್ ಫ್ಯಾಕ್ಟರಿಯಲ್ಲಿ ಮೀನಿನ ಪೆಟ್ಟಿಗೆ ಎತ್ಲಿಕ್ಕೆ ಹೋಗಿ."

ಒಸ್ವಾಲ್ಡರು ತಲೆಯಾಡಿಸಿದ್ದರು. ಆಮೇಲೆ ಇದ್ದ ಗುಳಿಗೆಯನ್ನು ಇದ್ದಲ್ಲೇ ಬಿಟ್ಟು, ನೀಲಿ ಟಾರ್ಪಾಲು ಹೊದಿಸಿ, ಗಾಳಿಯ ಎಳೆಯೂ ಒಳಹೋಗದಂತೆ ಹಗ್ಗ ಬಿಗಿದು ಮಲಗಿದ್ದರು. ಹದಿನೈದು ದಿನದ ಹಿಂದೆ ತೆರೆಜಾ ಮಂಗಳೂರಿಗೆ ಮಗಳು ಶಾರನಳ ಮನೆಗೆ ಹೋದ ಮೇಲಂತೂ ಶೆಡ್ಡಿನ ದಾರಿಯೇ ಮರೆತಿತ್ತು. ಅವಳು ದಿನಾ ಫೋನಿನಲ್ಲಿ ಕೇಳುತ್ತಿದ್ದಳು, ಇವರು ದಿನಾ ಹೇಳುತ್ತಿದ್ದರು: "ಕನ್ನಡಿ ಹಾಗೆ ಉಂಟು. ಮುಖ ನೋಡಿ ಗಡ್ಡ ತೆಗಿಬಹುದು."

ಈಗ ಟಾರ್ಪಾಲು ಬಿಚ್ಚಿದರು. ಒಳಗೆ ಬೇರೆಯೇ ಒಂದು ಮಳೆಗಾಲ ನಡೆದಿತ್ತು. ಟಾರ್ಪಾಲಿನ ಒಳಮೈಯಿಂದ ನೀರು ಹನಿಯುತ್ತಿತ್ತು. ಪೆಟ್ಟಿಗೆಯ ಗುಳಿಗೆ ನೀರು ಕುಡಿದು, ಉಬ್ಬಿ, ರಾಗಿ ಅಂಬಲಿಯ ಹಾಗೆ ಕೂತಿತ್ತು. ಒಲೆಯ ಮೈ ಪೂರ್ತಿ ಕೆಂಪು. ಒಸ್ವಾಲ್ಡರು ಬೆರಳಿಂದ ಮುಟ್ಟಿದರು, ಬೆರಳೂ ಕೆಂಪಾಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ನಾನು ಇವತ್ತು ಸಾಯಂಕಾಲವೇ ಬರ್ತೇನೆ," ಎಂದಳು ತೆರೆಜಾ. "ಒಬ್ರನ್ನು ಕರ್ಕೊಂಡು ಬರ್ತೇನೆ. ಅವ್ರಿಗೆ ನಮ್ಮ ಒಲೆ ನೋಡ್ಬೇಕಂತೆ. ಸರಿ ಉಂಟಲ್ಲ?"

"ಕನ್ನಡಿ," ಎಂದರು ಒಸ್ವಾಲ್ಡರು.

ಮೀನಿನ ಪೆಟ್ಟಿಗೆಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಆಗಲೇ ಲೋಕಯ್ಯ ಕೊಡೆ ಮಡಚುತ್ತ ಬಂದ. ರಸ್ತೆ ತಿರುವಿನ ಅಂಗಡಿಯವನು, ಜಗತ್ತಿನ ಎಲ್ಲ ವಿಷಯಕ್ಕೂ ಒಂದು ಮದ್ದು ಇಟ್ಟುಕೊಂಡವನು.

"ಎಂತ ಮಾರಾಯ, ಕೇರಮ್ಮಿಗೆ ಬರ್ಲಿಲ್ಲ?" ಎಂದವನು ಒಲೆ ಕಂಡು ನಾಲಿಗೆ ಕಚ್ಚಿಕೊಂಡ. "ಅಯ್ಯೋ, ನಾನು ಹೇಳಿದ ಉಪ್ಪು ಇಡ್ಲಿಲ್ವಾ? ಉಪ್ಪು ತೇವ ಎಳಿತದೆ ಅಂತ ಹೇಳಿದ್ದೆನಲ್ಲ!"

"ಇಟ್ಟಿದ್ದೆ."

"ಎಲ್ಲಿ?"

"ಒಲೆಯ ಹೊಟ್ಟೆಯೊಳಗೆ. ಎರಡು ಪೊಟ್ಟಣ ಕಲ್ಲುಪ್ಪು ಸುರಿದೆ."

ಲೋಕಯ್ಯ ತಲೆ ಮೇಲೆ ಕೈಯಿಟ್ಟ. "ಪಾತ್ರೆಯಲ್ಲಿ ಹಾಕಿ ದೂರ ಇಡ್ಲಿಕ್ಕೆ ಮಾರಾಯ! ಒಲೆಗೆ ಉಪ್ಪು ಹಾಕ್ಲಿಕ್ಕೆ ಅದೆಂತ ಮಾವಿನಮಿಡಿಯಾ?"

ಒಸ್ವಾಲ್ಡರು ತೆರೆಜಾಳ ಫೋನಿನ ವಿಷಯ ಹೇಳುತ್ತಲೇ ಇಬ್ಬರೂ ಬಗ್ಗಿ ನೋಡಿದರು. ಉಪ್ಪು ಕರಗಿ, ಒಲೆಯ ಹೊಟ್ಟೆಯಲ್ಲಿ ಕಂದು ಬಣ್ಣದ ಉಪ್ಪುನೀರಾಗಿ ನಿಂತಿತ್ತು.

ಗಲಾಟೆ ಕೇಳಿ ಪಕ್ಕದ ಮನೆಯ ಶ್ರೀರಂಜಿನಿ ಬೇಲಿಯ ಮೇಲಿಂದ ಇಣುಕಿದಳು. ಎರಡು ದನ ಸಾಕಿ ಹಾಲು ಮಾರುವ ಆಕೆಗೆ ಬೇರೆಯವರ ಮನೆಯ ತಾಪತ್ರಯ ಎಂದರೆ ಮನೆಗೆಲಸಕ್ಕಿಂತ ಮೊದಲು. "ಹುಳಿ ಹಾಕಿ ಉಜ್ಜಿ ಒಸ್ವಾಲ್ಡಣ್ಣ. ನಮ್ಮ ಹಿತ್ತಾಳೆ ದೀಪವೇ ಬೆಳಗ್ತದೆ, ಇದು ಎಂತ ಮಹಾ," ಎಂದು ಹೇಳಿ, ಬೇಡ ಎನ್ನುವ ಮೊದಲೇ ಹುಣಸೆಹುಳಿಯ ಉಂಡೆಯೊಂದಿಗೆ ಬೇಲಿ ದಾಟಿ ಬಂದಳು.

ತೆಂಗಿನ ನಾರು, ಹುಳಿ, ಬೂದಿ. ಮೂವರೂ ಸೇರಿ ಮಧ್ಯಾಹ್ನದವರೆಗೆ ಉಜ್ಜಿದರು. ಸರಿಯಾಗಿ ಹೇಳಬೇಕೆಂದರೆ ಒಸ್ವಾಲ್ಡರು ಉಜ್ಜಿದರು, ಉಳಿದಿಬ್ಬರು ಎಲ್ಲಿ ಉಜ್ಜಬೇಕೆಂದು ತೋರಿಸಿದರು. ಒಲೆಯ ಹೊಟ್ಟೆಯ ಉಪ್ಪುನೀರು ಚೆಲ್ಲಿ, ಉಬ್ಬಿದ ಗುಳಿಗೆಯನ್ನು ಸೌಟಿನಲ್ಲಿ ಕೆರೆದು ತೆಗೆದದ್ದೂ ಅವರೇ. ಅಂಗೈ ಸುಲಿಯಿತು, ಸೊಂಟ ಬಾಗಿದ್ದು ಬಾಗಿದ ಹಾಗೇ ನಿಂತಿತು. ಆದರೆ ಕೆಂಪು ಹೋಯಿತು. ಕಬ್ಬಿಣ ತನ್ನ ನಿಜವಾದ ಬಣ್ಣ ತೋರಿಸಿದಾಗ ಅವರ ಜೀವದಲ್ಲಿ ಜೀವ ಬಂತು.

"ಇನ್ನು ಕೂಡ್ಲೆ ಒಣಗಿಸ್ಬೇಕು," ಎಂದ ಲೋಕಯ್ಯ. "ಇಲ್ಲಾಂದ್ರೆ ಅವಳು ಬರುವಷ್ಟರಲ್ಲಿ ಪುನಃ ಕೆಂಪು."

ಹೊರಗೆ ಮಳೆ, ಬಿಸಿಲಿನ ಸುದ್ದಿಯಿಲ್ಲ. ಮೇಜಿನ ಫ್ಯಾನು ತಂದಿಟ್ಟರೆ ಕರೆಂಟು ಹೋಯಿತು. ಮೈ ಒರೆಸುವ ಬೈರಾಸಿನಲ್ಲಿ ಒರೆಸಿದರೆ ಒಲೆ ಮತ್ತೆ ಬೆವರುತ್ತಿತ್ತು. ಕೊನೆಗೆ ಒಸ್ವಾಲ್ಡರು ಒಳಗೆ ಓಡಿ, ಮಗ ಸವಿಯೊ ದುಬೈಯಿಂದ ತಂದ ಹುಲಿಯ ಚಿತ್ರದ ಕಂಬಳಿ ತಂದು ಒಲೆಗೆ ಸುತ್ತಿದರು. ಅತಿಥಿಗಳು ಬಂದರೆ ಮಾತ್ರ ತೆರೆಜಾ ಹೊರಗೆ ತೆಗೆಯುವ ಕಂಬಳಿ. ಅದು ನೀರನ್ನೇನೋ ಚೆನ್ನಾಗಿ ಹೀರಿತು. ಜೊತೆಗೆ ಉಳಿದಿದ್ದ ತುಕ್ಕನ್ನೂ ಹೀರಿ, ಹುಲಿಗೆ ಇಲ್ಲದಲ್ಲೆಲ್ಲ ಪಟ್ಟೆ ಬರೆಯಿತು. ಅದನ್ನು ಮಂಚದ ಕೆಳಗೆ ತಳ್ಳಿ, ಒಲೆಗೆ ತೆಂಗಿನೆಣ್ಣೆ ಬಳಿದರು. ಒಲೆ ಎಣ್ಣೆ ಸ್ನಾನಕ್ಕೆ ಕೂತ ಮದುಮಗನ ಹಾಗೆ ಮಿಂಚತೊಡಗಿತು.

"ಉರಿಸಿ ನೋಡುವ," ಎಂದ ಲೋಕಯ್ಯ. "ನೋಡ್ಲಿಕ್ಕೆ ಬರುವವರು ಬರೀ ಬಣ್ಣ ನೋಡಿ ಹೋಗ್ತಾರಾ?"

ಅದು ನಿಜ. ಆದರೆ ಒಣ ಗುಳಿಗೆ? ಶೆಡ್ಡಿನ ಮೂಲೆಯ ಚೀಲ ನೀರಿನಲ್ಲಿ ಕೂತಿತ್ತು. ಒಲೆ ಮಾಡಿಕೊಟ್ಟ, ಗುಳಿಗೆಯನ್ನೂ ತಂದುಕೊಡುವ ಸೀತಾಂಗೋಳಿಯ ಪ್ರವೀತನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಒಸ್ವಾಲ್ಡರು ನೆಲದ ಮೇಲೆ ಕುಸಿದು ಕೂತರು. ಇಷ್ಟು ಉಜ್ಜಿಯೂ ಮೀನಿನ ಪೆಟ್ಟಿಗೆಯೇ ಗತಿಯೇ ಎಂದು ಅಳು ಬಂದಂತಾಯಿತು.

ಲೋಕಯ್ಯ ಎಲ್ಲೋ ಹೋದವನು ಒಂದು ಬಕೆಟ್ ತುಂಬ ಗುಳಿಗೆ ಹೊತ್ತು ತಂದ. ಒಣಗಿ ಗಲಗಲ ಎನ್ನುತ್ತಿತ್ತು, ಅದೇ ಬಣ್ಣ, ಅದೇ ಉದ್ದ. ಎಲ್ಲಿಂದ ಎಂದು ಕೇಳುವ ವ್ಯವಧಾನ ಯಾರಿಗಿತ್ತು? ಪೆಟ್ಟಿಗೆಗೆ ಸುರಿದರು. ತೆಂಗಿನ ಗರಟೆಯ ಚೂರು ಹಾಕಿ ಬೆಂಕಿ ಕೊಟ್ಟರು. ಆ ಹೊತ್ತಿಗೆ ಸರಿಯಾಗಿ ಕರೆಂಟು ಬಂತು, ಫ್ಯಾನು ತಿರುಗಿತು, ಒಲೆ ಒಮ್ಮೆ ಕೆಮ್ಮಿ ಬುಗ್ಗೆಂದು ಹತ್ತಿಕೊಂಡಿತು. ಒಸ್ವಾಲ್ಡರು ಶಿಲುಬೆಯ ಗುರುತು ಹಾಕಿಕೊಂಡರು.

ಆಮೇಲೆ ವಾಸನೆ ಎದ್ದಿತು. ಹುರಿದ ನೆಲಗಡಲೆಯ ಘಮ ಶೆಡ್ಡು ತುಂಬಿ ಬೇಲಿಯಾಚೆಗೂ ಹೋಯಿತು. ಬೇಲಿಯಾಚೆಯಿಂದ ಒಂದು ಗಟ್ಟಿ ಅಂಬಾ ಕೇಳಿತು. ಶ್ರೀರಂಜಿನಿಯ ಕೆಂಪು ದನ ಹಗ್ಗ ಕಿತ್ತುಕೊಂಡು, ಬೇಲಿ ಮುರಿದು ಬಂದು, ಶೆಡ್ಡಿನ ಕಿಟಕಿಗೆ ಮುಖ ತೂರಿಸಿ ನಿಂತಿತು.

ಶ್ರೀರಂಜಿನಿ ಬಕೆಟ್ಟನ್ನು ನೋಡಿದಳು, ದನವನ್ನು ನೋಡಿದಳು, ಒಲೆಯನ್ನು ನೋಡಿದಳು. "ಲೋಕಯ್ಯಣ್ಣ! ಇದು ನನ್ನ ಹಟ್ಟಿಯ ಹಿಂಡಿ! ನನ್ನ ದನದ ಹೊಟ್ಟೆಗೆ ಹೋಗ್ಬೇಕಾದ್ದನ್ನು ಒಲೆಗೆ ಹಾಕಿದ್ರಾ?"

"ಒಂದೇ ತರ ಉಂಟಲ್ಲ ಮಾರಾಯ್ತಿ," ಎಂದ ಲೋಕಯ್ಯ, ಏನೂ ಆಗದವನ ಹಾಗೆ. "ನೋಡು, ಎಷ್ಟು ಚಂದ ಉರಿತದೆ. ಎಣ್ಣೆ ಅಂಶ ಉಂಟಲ್ಲ."

ಶ್ರೀರಂಜಿನಿ ಇನ್ನಷ್ಟು ಹೇಳುತ್ತಿದ್ದಳು. ಆದರೆ ಅಂಗಳದಲ್ಲಿ ಕಾರು ನಿಂತಿತು. ತೆರೆಜಾ ಇಳಿದಳು, ಅವಳ ಹಿಂದೆ ಕನ್ನಡಕದ ದಪ್ಪ ಮನುಷ್ಯರೊಬ್ಬರು ಇಳಿದರು. ಒಸ್ವಾಲ್ಡರು ಕೆಂಪು ಬನಿಯನು ಮುಚ್ಚಿಕೊಳ್ಳಲು ಟಾರ್ಪಾಲನ್ನೇ ಹೆಗಲಿಗೆ ಹೊದ್ದರು.

"ಇವ್ರು ಗಣೇಶಪ್ರಸಾದ್, ಸೀತಾಂಗೋಳಿಯ ಗೇರುಬೀಜ ಫ್ಯಾಕ್ಟರಿಯ ಮ್ಯಾನೇಜರ್," ಎಂದಳು ತೆರೆಜಾ. ಕಣ್ಣು ಮಾತ್ರ ಒಲೆಯ ಮೇಲಿತ್ತು. ಸುತ್ತ ಬಂದಳು. ಬೆರಳಿಂದ ಹಿಂಬದಿ ಒರೆಸಿ ನೋಡಿದಳು. ಬೆರಳಿಗೆ ಎಣ್ಣೆ ಹತ್ತಿತು, ಕೆಂಪು ಹತ್ತಲಿಲ್ಲ. ಅವಳ ಮುಖ ಸಡಿಲವಾದದ್ದು ಕಂಡು ಒಸ್ವಾಲ್ಡರು ಬೆಳಗಿನಿಂದ ಹಿಡಿದಿಟ್ಟ ಉಸಿರು ಬಿಟ್ಟರು. ಐಸ್ ಫ್ಯಾಕ್ಟರಿ ಕಣ್ಣಿಂದ ಮರೆಯಾಯಿತು. ಆರಾಮ ಕುರ್ಚಿ ಮತ್ತೆ ಕಾಣಿಸಿತು.

ಮ್ಯಾನೇಜರರು ಮೂಗರಳಿಸಿದರು. "ಎಂತ ಪರಿಮಳ ಮಾರಾಯ್ರೆ! ಹಸಿವಾಗ್ತದೆ. ಈ ಜಡಿಮಳೆಯಲ್ಲಿ ಇಷ್ಟು ಚಂದ ಉರಿಯುವ ಒಲೆ ನಾನು ಕಾಣ್ಲಿಲ್ಲ. ಆ ದನ ಯಾಕೆ ಹಾಗೆ ನೋಡ್ತದೆ?"

"ಚಳಿ ಕಾಯ್ತದೆ," ಎಂದ ಲೋಕಯ್ಯ.

"ಹಾಗಾದ್ರೆ ಆಯ್ತಮ್ಮ, ಸೋಮವಾರದಿಂದ ಶುರು ಮಾಡಿ. ಗುಳಿಗೆ ನಮ್ಮಲ್ಲಿಂದಲೇ ಬರ್ತದೆ, ಒಣ ಗೋದಾಮಿನದ್ದು," ಎಂದು ಮ್ಯಾನೇಜರರು ಚಾ ಕುಡಿದು ಹೊರಟೇಹೋದರು.

ಒಸ್ವಾಲ್ಡರು ಮೆಲ್ಲಗೆ ಕೇಳಿದರು. "ಎಂತ ಶುರು?"

"ಅವರ ಫ್ಯಾಕ್ಟರಿಯ ಹೆಂಗಸರಿಗೆ ಮಧ್ಯಾಹ್ನದ ಊಟ, ದಿನಾ, ವರ್ಷ ಪೂರ್ತಿ!" ತೆರೆಜಾಳಿಗೆ ಸಂತೋಷ ತಡೆಯಲಾಗುತ್ತಿರಲಿಲ್ಲ. "ಮಳೆಗಾಲದಲ್ಲಿ ಕಟ್ಟಿಗೆ ಉರಿಯುದಿಲ್ಲ ಅಂತ ಬೇರೆ ಅಡುಗೆಯವರೆಲ್ಲ ಕೈಬಿಟ್ಟದ್ದಂತೆ. ನಾನು ಹೇಳಿದೆ, ಬಂದು ಕಣ್ಣಾರೆ ನೋಡಿ, ನಮ್ಮ ಒಲೆ ಈ ಮಳೆಯಲ್ಲಿ ಉರಿದ್ರೆ ಮಾತ್ರ ಒಪ್ತೇನೆ, ಇಲ್ಲಾಂದ್ರೆ ಸೆಪ್ಟೆಂಬರಿನ ಮೋಂತಿ ಹಬ್ಬದ ನಂತರ ನೋಡುವ ಅಂತ. ನನಗೇ ನಂಬಿಕೆ ಇರ್ಲಿಲ್ಲ. ಖಂಡಿತ ತುಕ್ಕು ಹಿಡಿಸಿದ್ದೀರಿ ಅಂತ ಗ್ರಹಿಸಿದ್ದೆ."

"ತುಕ್ಕು ಹಿಡಿದಿದ್ರೆ?"

"ಎಂತ ಮಾಡ್ಲಿಕ್ಕುಂಟು? ಒಲೆ ರಿಪೇರಿಗೆ ಹೋಗ್ತಿತ್ತು. ನೀವು ಹಬ್ಬದವರೆಗೆ ಮಲಗ್ತಿದ್ರಿ."

"ಮತ್ತೆ ನಿನ್ನ ಅಣ್ಣನ ಐಸ್ ಫ್ಯಾಕ್ಟರಿ?"

"ಅದು ಮುಚ್ಚಿ ಎಷ್ಟು ಕಾಲ ಆಯ್ತು! ನಿಮ್ಮನ್ನು ಹೆದರಿಸ್ಲಿಕ್ಕೆ ಹೇಳಿದ್ದು."

ಒಸ್ವಾಲ್ಡರು ಸುಲಿದ ಅಂಗೈಗಳನ್ನು ನೋಡಿಕೊಂಡರು. ಲೋಕಯ್ಯ ಕೊಡೆ ಬಿಚ್ಚಿ, ಯಾರ ಮುಖವನ್ನೂ ನೋಡದೆ ಗೇಟು ದಾಟಿದ. ಶ್ರೀರಂಜಿನಿ ದನವನ್ನು ಎಳೆದಳು. ದನ ಒಲೆಯ ಕಡೆಗೆ ತಿರುಗಿ ತಿರುಗಿ ನೋಡುತ್ತ ಹೋಯಿತು.

"ಇನ್ನು ತುಕ್ಕಿನ ತಲೆಬಿಸಿಯೇ ಇಲ್ಲ," ಎಂದು ತೆರೆಜಾ ನೆಮ್ಮದಿಯಿಂದ ನಿಟ್ಟುಸಿರುಬಿಟ್ಟಳು. "ನೀವು ದಿನಾ ಉರಿಸುವ ಒಲೆಗೆ ಎಂತ ತುಕ್ಕು? ಆ ಟಾರ್ಪಾಲು ಬಿಸಾಡ್ಬೇಡಿ. ಜಗಲಿಯ ಆರಾಮ ಕುರ್ಚಿಗೆ ಸ್ವಲ್ಪ ಎಣ್ಣೆ ಒರೆಸಿ ಅದನ್ನು ಮುಚ್ಚಿ ಇಡಿ. ಯಾರೂ ಕೂರದಿದ್ರೆ ಮಳೆಗಾಲದಲ್ಲಿ ಬೂಷ್ಟು ಹಿಡಿತದೆ."