ಸೋತವನು ಗರಿ ಎಳೆಯಬೇಕು

ಆಟದಲ್ಲಿ ಪಳಗಿದರೆ ನಾಲ್ಕು ಜನ ಹತ್ತಿರ ಬರುತ್ತಾರೆಂದು ನಂಬಿ ನಾನು ಗಾಲ್ಫ್ ಕಲಿತೆ. ಪಳಗಿದ್ದೂ ಆಯಿತು, ಇದ್ದ ಒಬ್ಬರೂ ದೂರ ಹೋದದ್ದೂ ಆಯಿತು.

ನಮ್ಮೂರು ಹಾಲ್ಕುರಿಕೆಗೆ ಗಾಲ್ಫ್ ಹೇಗೆ ಬಂತು ಎಂದು ನೀವು ಕೇಳುವುದು ನ್ಯಾಯ. ಅಮ್ಮನ ತಮ್ಮ ಕಾಂತೇಶ್ ಮಾವ ದೊಡ್ಡ ಊರಿನ ಕ್ಲಬ್ಬೊಂದರಲ್ಲಿ ಆಟಗಾರರ ಚೀಲ ಹೊರುವವನು. ಅಲ್ಲಿ ಹೊಸ ಹುಲ್ಲು ಹಾಕುತ್ತಿದ್ದಾರೆಂದು ಅವನಿಗೆ ರಜೆ ಸಿಕ್ಕಿತ್ತು (ಹುಲ್ಲಿಗಾಗಿ ಮನುಷ್ಯರನ್ನು ಮನೆಗೆ ಕಳಿಸುವ ಮಹಾಸಂಸ್ಥಾನ ಅದು). ಬಂದವನೇ ನಮ್ಮ ತೋಟದ ಆರು ತೆಂಗಿನ ಮರಗಳ ಪಾತಿಯಲ್ಲಿ ಒಂದೊಂದು ಕರಟ ಹೂತ. ಉದುರಿದ ನಿಂಬೆಗಾತ್ರದ ಎಳೆಗಾಯಿಯೇ ಚೆಂಡು. ತುದಿಗೆ ಮರದ ತುಂಡು ಬಡಿದ ಬಿದಿರೇ ದಾಂಡು. ಸೋತವನು ಬಿದ್ದ ಗರಿಗಳನ್ನೆಲ್ಲ ಹಿತ್ತಲಿಗೆ ಎಳೆಯಬೇಕೆಂದು ಶಾಸನವನ್ನೂ ಹೊರಡಿಸಿದ.

ಮರಕ್ಕೆ ಮೂರು ಏಟಿನಲ್ಲಿ ಕಾಯಿ ಕರಟಕ್ಕೆ ಬೀಳಬೇಕು. ಆರು ಮರಕ್ಕೆ ಹದಿನೆಂಟು. ಏಟು ಕಡಿಮೆಯಾದಷ್ಟೂ ಒಳ್ಳೆಯದು.

"ಕಮ್ಮಿ ಹೊಡ್ದೋನು ಗೆದ್ದಂಗಾ?" ಜಗಲಿಯಲ್ಲಿ ಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಿದ್ದ ಅಜ್ಜಿ ಭೂತಮ್ಮ ಕೇಳಿದಳು. "ಹಂಗಾರೆ ಏನೂ ಹೊಡೀದೆ ಮನೇಲಿ ಕೂತೋನೇ ಗೆದ್ದ ಬುಡು. ನಮ್ಮ ಸೂರ್ಯ ಆಗ್ಲೇ ಗೆದ್ದವ್ನೆ."

(ನಾನು ಕಾಲೇಜು ಬಿಟ್ಟು ಮನೆಯಲ್ಲಿದ್ದೇನೆ. ಆ ಮಾತು ಕರಟಕ್ಕೆ ನೇರವಾಗಿ ಬಿತ್ತು.)

ಮೊದಲ ದಿನ ನನಗೆ ನಲವತ್ತು ಏಟು ಬೇಕಾದವು. ಮಾವ ನಗಲಿಲ್ಲ. "ಹದಿನೆಂಟರ ಮೇಲೆ ಇಪ್ಪತ್ತೆರಡು ಜಾಸ್ತಿ. ಅದೇ ನಿನ್ನ ಹ್ಯಾಂಡಿಕ್ಯಾಪ್ ಕಣ್ಲಾ. ನಿನ್ನ ಲೆಕ್ಕದಲ್ಲಿ ಅಷ್ಟು ಮಾಫಿ. ಆಗ ಕೈಲಾಗದೋನೂ ಕೈಲಾದೋನೂ ಸಮ."

"ಇಂಥದ್ದು ಪರೀಕ್ಷೇಲಿ ಇದ್ದಿದ್ರೆ ಇವ್ನು ಕಾಲೇಜೇ ಬಿಡ್ತಿರ್ಲಿಲ್ಲ" ಎಂದಳು ಅಮ್ಮ, ಗಾರ್ಮೆಂಟ್ಸ್ ಬಸ್ಸಿನಿಂದ ಆಗಷ್ಟೇ ಇಳಿದು ಬಂದವಳು.

ಆ ಸಂಜೆಗಳಲ್ಲಿ ಮಾವ ನನ್ನ ಮೊಣಕೈ ಹಿಡಿದು ತಿದ್ದುತ್ತಿದ್ದ. ಮರದಿಂದ ಮರಕ್ಕೆ ಜೊತೆಯಲ್ಲಿ ನಡೆಯುತ್ತಿದ್ದ. ಮನೆಯಲ್ಲಿ ಎಲ್ಲರೂ ನನ್ನ ಬಗ್ಗೆ ಮಾತಾಡುತ್ತಿದ್ದರು, ನನ್ನ ಜೊತೆ ಮಾತಾಡಿದವನು ಅವನೊಬ್ಬನೇ. ಅವನನ್ನು ಮೆಚ್ಚಿಸಲೆಂದು ಮಧ್ಯಾಹ್ನದ ಬಿಸಿಲಲ್ಲಿ ಒಬ್ಬನೇ ಅಭ್ಯಾಸವೆಂಬ ಘೋರ ತಪಸ್ಸಿಗೆ ಇಳಿದೆ. ಏಟು ಇಳಿದಂತೆ ಹ್ಯಾಂಡಿಕ್ಯಾಪೂ ಇಳಿಯಿತು. ಕೊನೆಗೆ ಸೊನ್ನೆ.

"ಇನ್ನೇನ್ ಹೇಳ್ಕೊಡ್ಲಿ ನಿಂಗೆ? ಒಬ್ನೇ ಆಡ್ಕೋ" ಎಂದು ಮಾವ ಬಾವಿಕಟ್ಟೆಯ ಮೇಲೆ ಕೂತು ಫೋನು ನೋಡತೊಡಗಿದ. ಆ ವಾರವೇ ಕ್ಲಬ್ಬಿನ ಹುಲ್ಲು ಚಿಗುರಿತು, ಅವನು ಹೊರಟುಹೋದ.

ಫೋನಿನಲ್ಲಿ ಕೇಳಿದೆ: "ಮಾವ, ಯಾರ್ ಜೊತೆ ಆಡ್ಲಿ?"

"ಮೊದಲ್ನೇ ದಿನದ ನಿನ್ ಜೊತೆ ಆಡು. ಅವನ ಮಾಫಿ ಅವನಿಗೆ ಕೊಡು."

ಆಡಿದೆ. ಅವನ ನಲವತ್ತರಲ್ಲಿ ಇಪ್ಪತ್ತೆರಡು ಕಳೆದರೆ ಹದಿನೆಂಟು. ನನಗೆ ಅಂದು ಇಪ್ಪತ್ತೊಂದಾಯಿತು. ಸೋತೆ. (ಅವನ ಪಕ್ಕದಲ್ಲಿ ಮಾವ ಇದ್ದ ಎಂಬುದಕ್ಕೆ ಗಾಲ್ಫಿನಲ್ಲಿ ಯಾವ ಕಳೆಯುವಿಕೆಯೂ ಇಲ್ಲ.) ನಿಯಮದ ಪ್ರಕಾರ ಗರಿ ಎಳೆಯಲು ಹೊರಟೆ.

"ಯಾರ್ಲಾ ಗೆದ್ದಿದ್ದು?" ಎಂದಳು ಅಜ್ಜಿ.

"ನಾನೇ."

"ಸೋತೋರು?"

"ನಾನೇ ಅಜ್ಜಿ."

ಅಜ್ಜಿ ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಟಕ್ಕೆ ಇಳಿದು ಬಿದಿರು ಎತ್ತಿಕೊಂಡಳು.

"ನಂಗೆಷ್ಟು ಮಾಫಿ?"

"ಇವತ್ತು ಬರೀ ಆಡು. ಎಷ್ಟು ಜಾಸ್ತಿ ಹೊಡೀತೀಯೋ ನಾಳೆಗೆ ಅಷ್ಟು."

ಅಜ್ಜಿ ಹೊತ್ತು ಮುಳುಗುವವರೆಗೆ ಹೊಡೆದಳು. ಕಾಯಿ ಒಮ್ಮೆ ಬಾವಿಯ ಕಡೆ, ಒಮ್ಮೆ ಹಸುವಿನ ಕಡೆ ಹೋಯಿತು. ನೋಡಲಾರದೆ ಅವಳ ಮೊಣಕೈ ತಿದ್ದಲು ಹೋದೆ.

ಕೈ ಕೊಡವಿದಳು. "ಸುಮ್ಕಿರ್ಲಾ. ಕಲ್ತ್ರೆ ಮಾಫಿ ಕಮ್ಮಿ ಆಗೋಯ್ತದೆ."

ಅಂದಿನಿಂದ ಅಜ್ಜಿಯ ಹ್ಯಾಂಡಿಕ್ಯಾಪ್ ಎಂಬತ್ತು, ಅದನ್ನು ಇಳಿಸಲು ಅವಳು ಬಿಟ್ಟಿಲ್ಲ. ಮರುದಿನ ಅಷ್ಟು ಕೆಟ್ಟದಾಗಿ ಅವಳೇನೂ ಆಡಲಿಲ್ಲ. ಲೆಕ್ಕವನ್ನು ಮೂರು ಸಲ ಕಳೆದು ನೋಡಿದೆ, ಮೂರು ಸಲವೂ ನಾನೇ ಸೋತಿದ್ದೆ. ಈಗ ದಿನವೂ ಗರಿ ಎಳೆಯುವವನು ನಾನೇ. ಅಜ್ಜಿ ಕೈಬೀಸಿಕೊಂಡು ಮರದಿಂದ ಮರಕ್ಕೆ ನನ್ನ ಪಕ್ಕದಲ್ಲೇ ನಡೆಯುತ್ತಾಳೆ.

"ಅಗೋ, ಅಲ್ಲೊಂದು ಗರಿ ಬಿದ್ದದೆ ನೋಡ್ಲಾ."