ಅರ್ಧ ಪಾಲಿಶ್ ಕಾರು

ನಜರ್‌ಬಾದಿನಲ್ಲಿ ನನ್ನದೊಂದು ಕಾರ್ ಪಾಲಿಶ್ ಅಂಗಡಿ. ದೊಡ್ಡ ದೊಡ್ಡ ಕಾರುಗಳು ನನ್ನ ಹತ್ರ ಬರೋದಿಲ್ಲ. ಮಕ್ಕಳನ್ನ ಸ್ಕೂಲಿಗೆ ಬಿಡೋ, ತರಕಾರಿ ತರೋ, ಆಗೊಮ್ಮೆ ಈಗೊಮ್ಮೆ ನಂಜನಗೂಡಿಗೆ ಹೋಗಿಬರೋ ಕಾರುಗಳೇ ನನ್ನ ಗಿರಾಕಿಗಳು. ವರ್ಷಕ್ಕೊಂದು ಸಲ ತೊಳೆದು, ಉಜ್ಜಿ, ಬಣ್ಣ ಮಾಸದ ಹಾಗೆ ಮೇಲೊಂದು ಕೋಟಿಂಗ್ ಹಾಕಿ ಕಳಿಸ್ತೀನಿ. ಇದರಲ್ಲಿ ನಗೋಕೇನಿದೆ ಅಂತ ನಾನೂ ಅಂದ್ಕೊಂಡಿದ್ದೆ. ಜನ ಬಿಡಬೇಕಲ್ಲ!

ಅಂಗಡಿಯ ಬೋರ್ಡು

ಪಾಲಿಶ್ ಮಾಡಿದ್ರೆ ಏನು ವ್ಯತ್ಯಾಸ ಆಗುತ್ತೆ ಅಂತ ಎಲ್ಲರೂ ಕೇಳ್ತಿದ್ರು. ಹೇಳಿ ಹೇಳಿ ಸಾಕಾಗಿ, ನನ್ನ ಹಳೇ ಕೆಂಪು ಕಾರಿನ ನಟ್ಟ ನಡುವೆ, ಮುಂದಿನಿಂದ ಹಿಂದಿನವರೆಗೆ ಟೇಪ್ ಅಂಟಿಸಿ, ಎಡಗಡೆ ಮಾತ್ರ ಪಾಲಿಶ್ ಮಾಡ್ದೆ. ಎಡಗಡೆ ಈಗಷ್ಟೇ ಶೋರೂಮಿಂದ ಬಂದ ಹಾಗೆ. ಬಲಗಡೆ ಹಳೇ ಇಟ್ಟಿಗೆ ಬಣ್ಣ. ಅದನ್ನ ಬೋರ್ಡಿನ ಹಾಗೆ ಅಂಗಡಿ ಮುಂದೆ ನಿಲ್ಲಿಸಿದ ಮೇಲೆ ನಾನು ಬಾಯಿ ಬಿಡೋದೇ ತಪ್ಪಿತು. ಗಿರಾಕಿಗಳು ಒಂದು ಸುತ್ತು ಹಾಕಿ ಬಂದು, "ಯಾವತ್ತು ತಂದು ಬಿಡ್ಲಿ?" ಅಂತಾರೆ.

ತೊಂದರೆ ಇಷ್ಟೇ. ನಮ್ಮ ಮನೆಗಿರೋದು ಅದೊಂದೇ ಕಾರು.

"ಊರಿನ ಕಾರೆಲ್ಲ ಫಳಫಳ ಅನ್ನಿಸ್ತೀರಿ, ನಮ್ಮದು ಮಾತ್ರ ಅರ್ಧ ಸ್ನಾನ ಮಾಡ್ದಂಗಿದೆ," ಅಂತ ನನ್ನ ಹೆಂಡತಿ ಮೂರು ವರ್ಷದಿಂದ ಹೇಳ್ತಾನೇ ಇದಾಳೆ. ಈ ಸಲ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ್ಲು. "ಮುಂದಿನ ತಿಂಗಳು ನಮ್ಮಕ್ಕನ ಮಗಳ ಮದುವೆ. ಅಷ್ಟರೊಳಗೆ ಕಾರು ಒಂದೇ ಬಣ್ಣಕ್ಕೆ ಬರ್ಬೇಕು. ನಮ್ಮಕ್ಕನ ಮುಂದೆ ನನ್ನ ಮಾನ ಕಳೀಬೇಡಿ ಕಣ್ರೀ."

ಆಗ್ಲಿ ಅಂದೆ. ಮೂರು ವರ್ಷದಿಂದ ಅದನ್ನೇ ಅಂತಿದ್ದೆ.

ಮೇಷ್ಟ್ರ ಕಾಳಜಿ

ಹಿಂದೊಮ್ಮೆ ಕೃಷ್ಣಮೂರ್ತಿಪುರಂನ ರಿಟೈರ್ಡ್ ಮೇಷ್ಟ್ರೊಬ್ಬರು ಮೊದಲ ಸಲ ಪಾಲಿಶ್ ಮಾಡಿಸಿಕೊಂಡು ಹೋದ್ರು. ಹೋಗೋವಾಗ, "ಇದು ಬಾಳಿಕೆ ಬರ್ಬೇಕು ಅಂದ್ರೆ ಏನು ಮಾಡ್ಬೇಕು?" ಅಂದ್ರು. "ಆದಷ್ಟು ಬಿಸಿಲು, ಧೂಳು ತಾಗದ ಹಾಗೆ ನೋಡ್ಕೊಳ್ಳಿ ಸಾರ್," ಅಂದೆ. ಅವರು ಚೀಟಿ ತೆಗೆದು ಬರ್ಕೊಂಡ್ರು.

ವರ್ಷ ಆದ ಮೇಲೆ ಆಟೋದಲ್ಲಿ ಬಂದ್ರು.

"ಕಾರೆಲ್ಲಿ ಸಾರ್?"

"ಹೊರಗೆ ತಂದ್ರೆ ಧೂಳಾಗುತ್ತಲ್ಲಪ್ಪ. ನೀವೇ ಬನ್ನಿ."

ಅದೇ ಆಟೋದಲ್ಲಿ ಹೋದೆ. ಶೆಡ್ಡಿನೊಳಗೆ ಕವರ್, ಕವರಿನೊಳಗೆ ಹಳೇ ಬೆಡ್‌ಶೀಟು, ಅದರೊಳಗೆ ಕಾರು. ಪಾಲಿಶ್ ಒಂದು ಚೂರೂ ಹೋಗಿರಲಿಲ್ಲ. ಸ್ಟಾರ್ಟ್ ಮಾಡೋಣ ಅಂದ್ರೆ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ. ವರ್ಷಪೂರ್ತಿ ಎಷ್ಟು ಓಡಿದೆ ಅಂತ ಕೇಳ್ದೆ.

"ನಾಲ್ಕು ಕಿಲೋಮೀಟರು," ಅಂದ್ರು ಹೆಮ್ಮೆಯಿಂದ. "ನಿಮ್ಮ ಅಂಗಡಿಯಿಂದ ನಮ್ಮ ಮನೇಗೆ."

ದೇವರಿಗೆ ಬಿಟ್ಟ ಜಾಗ

ಆಯುಧಪೂಜೆ ಹಿಂದಿನ ವಾರ ನನಗೆ ಉಸಿರಾಡೋಕೂ ಪುರುಸೊತ್ತಿರೋದಿಲ್ಲ. ಮೈಸೂರಿನಲ್ಲಿ ಅವತ್ತು ಕೊಳೆ ಕಾರು ಇಟ್ಕೊಂಡವನು ಪಾಪಿ. ಈ ಸಲ ಹಾಗೆ ಪಾಲಿಶ್ ಮಾಡಿಸಿಕೊಂಡು ಹೋದ ಕಾರೊಂದು ಹಬ್ಬದ ಮಾರನೇ ದಿನವೇ ವಾಪಸ್ ಬಂತು. ಓಡಿಸ್ತಿದ್ದ ಮಗ ತಲೆ ತಗ್ಗಿಸಿಕೊಂಡು ಕೂತಿದ್ದ. ಇಳಿದಿದ್ದು ಅವನ ತಾಯಿ.

"ಏನಪ್ಪಾ ಬಳಿದಿದೀಯ ಇದಕ್ಕೆ? ಅರಿಶಿನ ಇಟ್ರೆ ಜಾರುತ್ತೆ, ಕುಂಕುಮ ಇಟ್ರೆ ಜಾರುತ್ತೆ. ಗಂಧವಂತೂ ಇಳ್ಕೊಂಡು ಹೋಗಿ ಬಂಪರ್ ಮೇಲೆ ಕೂತ್ಕೊಂಡ್ಬುಡ್ತು!"

"ಅಮ್ಮಾ, ಏನೂ ಅಂಟಬಾರದು ಅಂತಾನೇ ಆ ಕೋಟಿಂಗ್ ಹಾಕೋದು."

"ಕೊಳೆ ಅಂಟಬಾರದು ಸರಿ. ದೇವರೂ ಅಂಟಬಾರದಾ?"

ಆ ಕಾರಿನ ಬಾನೆಟ್ಟಿನಲ್ಲಿ ಮೂರು ಕಡೆ ಅಂಗೈಯಗಲ ಜಾಗ ಬಿಟ್ಟು ಮತ್ತೆ ಕೋಟಿಂಗ್ ಹಾಕಿ ಕೊಟ್ಟೆ.

ಇದನ್ನ ಮನೇಲಿ ಹೇಳಿ ನಗೋಣ ಅಂತ ಹೋದೆ. ಹೆಂಡತಿ ನಗಲಿಲ್ಲ.

"ದೇವರಿಗೆ ಅಂಗೈಯಗಲ ಬಿಟ್ರಿ. ನನಗೆ ಅರ್ಧ ಕಾರೇ ಬಿಟ್ಟಿದೀರಿ. ಮದುವೆಗೆ ಇನ್ನು ಎಂಟೇ ದಿನ."

ಮದುವೆ ಮನೆ

ಆ ಎಂಟು ದಿನವೂ ಗಿರಾಕಿಗಳ ಕಾರೇ ಆಯ್ತು. ಮದುವೆ ದಿನ ಬೆಳಗ್ಗೆ ಅವಳು ರೇಷ್ಮೆ ಸೀರೆ ಉಟ್ಟು ಹೊರಗೆ ಬಂದು ಕಾರು ನೋಡಿದ್ಲು. ನನ್ನನ್ನ ನೋಡಿದ್ಲು. ಹತ್ತಿ ಕೂತು ಬಾಗಿಲು ಧಡಾರಂತ ಹಾಕ್ಕೊಂಡ್ಲು. ಬೈದಿದ್ರೆ ಚೆನ್ನಾಗಿರ್ತಿತ್ತು.

ಸಿದ್ಧಾರ್ಥನಗರದ ಕಲ್ಯಾಣಮಂಟಪದ ಬಾಗಿಲಲ್ಲೇ ಅವಳ ಅಕ್ಕ ಪನ್ನೀರು ಹಿಡ್ಕೊಂಡು ನಿಂತಿದ್ರು. ಗೇಟಿಗೆ ಒತ್ತಿ ಕಾರು ನಿಲ್ಲಿಸ್ದೆ. ಅವರ ಕಣ್ಣಿಗೆ ಬಿದ್ದಿದ್ದು ಎಡಗಡೆ ಮಾತ್ರ, ಹೊಳೆಯೋ ಕಡೆ. ಸದ್ಯ, ಬದುಕ್ದೆ ಅಂದ್ಕೊಂಡೆ.

ಮಧ್ಯಾಹ್ನ ತಾಂಬೂಲಕ್ಕೆ ತೆಂಗಿನಕಾಯಿ ಕಡಿಮೆ ಬಿತ್ತು. ತರೋಕೆ ನನ್ನನ್ನೇ ಅಟ್ಟಿದ್ರು. ವಾಪಸ್ ಬರೋವಾಗ ರಸ್ತೆಯ ಇನ್ನೊಂದು ತುದಿಯಿಂದ ಬಂದೆ. ಗೇಟಿನ ಹತ್ರ ಜಾಗ ಇಲ್ಲ ಅಂತ ರಸ್ತೆಯ ಎದುರು ಬದಿಗೆ ನಿಲ್ಲಿಸಿ, ಚೀಲ ಹೊತ್ಕೊಂಡು ಇಳಿದೆ. ಇಟ್ಟಿಗೆ ಬಣ್ಣದ ಬಲಗಡೆ ಪೂರ್ತಿ ಮಂಟಪದ ಕಡೆ. ಬಾಗಿಲಲ್ಲಿ ಅಕ್ಕ, ಪಕ್ಕದಲ್ಲಿ ಬೀಗರು, ಹಿಂದೆ ನನ್ನ ಹೆಂಡತಿ. ಅವಳ ಮುಖ ಬೆಳ್ಳಗಾಯ್ತು.

ಅಕ್ಕ ಕಾರನ್ನ ನೋಡಿದ್ರು. ತಂಗಿ ಕಡೆ ತಿರುಗಿದ್ರು. "ಅಲ್ಲ ಕಣೇ, ಎರಡೆರಡು ಕಾರು ಇಟ್ಕೊಂಡಿದೀರಿ, ಒಂದು ಮಾತು ಹೇಳ್ಬಾರ್ದಾ ನಂಗೆ?"

ನಾನು ನಿಜ ಹೇಳೋಕೆ ಬಾಯಿ ತೆಗೆದೆ. ಹೆಂಡತಿ ನನ್ನ ಕಾಲು ತುಳಿದ್ಲು.

"ಹೊಸದು ಬಂದ ಮೇಲೂ ಹಳೇದನ್ನ ಕೊಡೋಕೆ ಮನಸ್ಸು ಬರ್ಲಿಲ್ಲ ಕಣೇ ಅಕ್ಕ," ಅಂದ್ಲು.

ಬೀಗರು ನನಗೆ ಕೈ ಮುಗಿದ್ರು.

ಮಾರನೇ ದಿನ ನನಗೇ ನಾಚಿಕೆ ಆಯ್ತು. ಅಂಗಡಿ ತೆರೆಯೋದು ಆಮೇಲೆ, ಮೊದಲು ಮನೆ ಕೆಲಸ ಅಂತ, ಪಾಲಿಶ್ ಮೆಷೀನು ಮನೇಗೇ ತಂದು ಬಲಗಡೆ ಬಾಗಿಲಿಗೆ ಇಟ್ಟೆ. ಸದ್ದು ಕೇಳಿ ಹೆಂಡತಿ ಅಡುಗೆಮನೆಯಿಂದ ಓಡಿ ಬಂದ್ಲು.

"ಏನು ಮಾಡ್ತಿದೀರಿ?"

"ನೀನೇ ಹೇಳಿದ್ಯಲ್ಲ, ಒಂದೇ ಬಣ್ಣಕ್ಕೆ ಬರ್ಬೇಕು ಅಂತ."

ಅವಳು ಪ್ಲಗ್ಗನ್ನ ಕಿತ್ತು ಕೈಲಿ ಹಿಡ್ಕೊಂಡ್ಲು. "ಬುದ್ಧಿ ಇದೆಯೇನ್ರೀ ನಿಮಗೆ? ಭಾನುವಾರ ನಮ್ಮಕ್ಕ ಮನೇಗೆ ಬರ್ತಾಳೆ. ಇನ್ನೊಂದು ಕಾರೆಲ್ಲಿ ಅಂದ್ರೆ ಏನಂತ ಹೇಳ್ಲಿ?"